ಅರಿವಳಿಕೆ ಅನಿಲ ವೈದ್ಯರ ಉಸಿರಿಗೂ

ಎಂ.ಬಿ.ಬಿ.ಎಸ್. ಮುಗಿಸಿ ಅರಿವಳಿಕೆ ಶಾಸ್ತ್ರದಲ್ಲಿ ಎಂ.ಡಿ. ಮಾಡಬೇಕೆನ್ನುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ರೋಗಿಯ ಪ್ರಜ್ಞೆ ತಪ್ಪಿಸುವ ಅನಿಲ ರೋಗಿಯೊಬ್ಬನಿಗೇ ಸೇರುವುದಿಲ್ಲ. ಮುಖಕ್ಕೆ ಸರಿಯಾಗಿ ಕೂರದ ಮಾಸ್ಕ್, ಸಡಿಲವಾದ ಕೊಳವೆ, ಎಚ್ಚರಗೊಳ್ಳುತ್ತಿರುವ ರೋಗಿಯ ಉಸಿರು, ಇವುಗಳಿಂದ ಸೋರಿದ ಅಂಶ ಪಕ್ಕದಲ್ಲೇ ಗಂಟೆಗಟ್ಟಲೆ ನಿಲ್ಲುವ ವೈದ್ಯರ ಶ್ವಾಸಕೋಶವನ್ನೂ ಹೊಗುತ್ತದೆ. ಮಕ್ಕಳ ಶಸ್ತ್ರಚಿಕಿತ್ಸೆಯಲ್ಲಂತೂ ಇದು ಹೆಚ್ಚು. ಅಳುವ ಮಗು ಮಾಸ್ಕನ್ನು ಒತ್ತಿ ಹಿಡಿಯಲು ಬಿಟ್ಟೀತೇ?

1967ರಲ್ಲಿ ಸೋವಿಯತ್ ಒಕ್ಕೂಟದ ವೈಸ್ಮನ್ ಎಂಬ ವೈದ್ಯರು, ಅಲ್ಲಿನ ಅರಿವಳಿಕೆ ತಜ್ಞೆಯರ 31 ಬಸಿರುಗಳಲ್ಲಿ 18 ಗರ್ಭಪಾತದಲ್ಲಿ ಕೊನೆಗೊಂಡವೆಂದು ವರದಿ ಮಾಡಿದಾಗ ಈ ರಂಗದವರು ಬೆಚ್ಚಿದರು. ಲೆಕ್ಕ ಚಿಕ್ಕದು ನಿಜ. ದುಡಿತದ ಒತ್ತಡವೂ ಕಾರಣವಿರಬಹುದು. ಆದರೆ ನೈಟ್ರಸ್ ಆಕ್ಸೈಡ್ ಹೆಚ್ಚಾದರೆ ದೇಹದ ಬಿ12 ಜೀವಸತ್ವ ನಿಷ್ಕ್ರಿಯವಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಈ ಅನಿಲ 25 ಭಾಗ ಮೀರಬಾರದೆಂದು 1977ರಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು.

ಉಪಾಯವೇನೋ ಸರಳ: ಹೆಚ್ಚುವರಿ ಅನಿಲವನ್ನು ಯಂತ್ರದಿಂದಲೇ ಹೀರಿ ಕಟ್ಟಡದ ಹೊರಗೆ ಬಿಡುವ ಕೊಳವೆ, ಜೊತೆಗೆ ಹೊಸ ಗಾಳಿ. (ಗೋಡೆಯ ಸ್ಪ್ಲಿಟ್ ಏರ್ ಕಂಡೀಷನರ್ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ, ಅಷ್ಟೆ.) ಕಾಲೇಜು ನೋಡಲು ಹೋದಾಗ ಶುಲ್ಕ, ಹಾಸ್ಟೆಲ್ ವಿಚಾರಿಸುವ ತಂದೆತಾಯಂದಿರು ಆಪರೇಷನ್ ಥಿಯೇಟರಿನಲ್ಲಿ ಆ ಕೊಳವೆ ಇದೆಯೇ, ಗರ್ಭಿಣಿ ವಿದ್ಯಾರ್ಥಿನಿಗೆ ಬೇರೆ ಕೆಲಸ ಕೊಡುತ್ತಾರೆಯೇ ಎಂದೂ ಕೇಳಬಹುದು.