ವಿದೇಶದ ಮೊದಲ ವಾರಗಳು | ಅತ್ತಿಗುಪ್ಪೆಯಲ್ಲಿ ಹಾಕಿದ ಲೆಕ್ಕ ಸಮುದ್ರದ ದಂಡೆಯಲ್ಲಿ ಯಾಕೆ ಕೂಡಿಬರಲ್ಲ?

ವಿದೇಶಕ್ಕೆ ಓದಲು ಹೋದವರ ಮೊದಲ ವಾರಗಳ ಕತೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಚಳಿ, ಸಪ್ಪೆ ಊಟ, ಮನೆಯ ನೆನಪು, ಆಮೇಲೆ ನಿಧಾನಕ್ಕೆ ಹೊಂದಿಕೊಂಡಿದ್ದು. ಅದೆಲ್ಲ ನಿಜವೇ. ಆದ್ರೆ ಆ ವಾರಗಳಲ್ಲಿ ನಿದ್ದೆ ಕೆಡಿಸೋದು ಚಳಿಯಲ್ಲ, ಲೆಕ್ಕ. ಆ ಲೆಕ್ಕ ಶುರುವಾಗೋದು ವಿಮಾನ ಇಳಿದ ಮೇಲಲ್ಲ, ನಮ್ಮ ಬೀದಿಯ ಕನ್ಸಲ್ಟೆನ್ಸಿಯ ಮೇಜಿನ ಮೇಲೆ.

ನಾನು ಅತ್ತಿಗುಪ್ಪೆಯವಳು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಅಬೆರಿಸ್ಟ್‌ವಿತ್ ಎಂಬ ಊರಿಗೆ ಬಂದೆ. ಬರ್ಮಿಂಗ್‌ಹ್ಯಾಮ್‌ನಿಂದ ಪಶ್ಚಿಮಕ್ಕೆ ಸುಮಾರು ಮೂರು ಗಂಟೆ ರೈಲು ಪ್ರಯಾಣ. ಹಳಿ ಅಲ್ಲಿಗೇ ಮುಗಿಯುತ್ತೆ, ಮುಂದೆ ಸಮುದ್ರ. ಇಲ್ಲಿನ ವಿಶ್ವವಿದ್ಯಾಲಯ 1872ರದ್ದು. ಅಂತರರಾಷ್ಟ್ರೀಯ ರಾಜಕೀಯಕ್ಕೆಂದೇ ಜಗತ್ತಿನಲ್ಲಿ ಮೊದಲು ಒಂದು ವಿಭಾಗ ತೆರೆದದ್ದು ಇಲ್ಲೇ, 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಬೆನ್ನಿಗೆ. ನಾನು ಸೇರಿದ್ದು ಅದೇ ವಿಭಾಗದ ಒಂದು ವರ್ಷದ ಎಂಎಗೆ.

ವೀಸಾ ಕೇಳುವ ದುಡ್ಡು

ಬ್ರಿಟನ್ನಿನ ವಿದ್ಯಾರ್ಥಿ ವೀಸಾ ಬೇಕಂದ್ರೆ ಮೊದಲ ವರ್ಷದ ಬಾಕಿ ಶುಲ್ಕದ ಜೊತೆಗೆ 9 ತಿಂಗಳು ಬದುಕಲು ಬೇಕಾದಷ್ಟು ಹಣವನ್ನೂ ತೋರಿಸಬೇಕು. ನಾನು ಅರ್ಜಿ ಹಾಕಿದಾಗ ಲಂಡನ್‌ಗೆ ತಿಂಗಳಿಗೆ 1,483 ಪೌಂಡ್, ಲಂಡನ್ ಹೊರಗಿನ ಊರುಗಳಿಗೆ 1,136 ಪೌಂಡ್ ಇತ್ತು. 9 ತಿಂಗಳಿಗೆ 10,224 ಪೌಂಡ್. ಪೌಂಡಿಗೆ ಸುಮಾರು 120 ರೂಪಾಯಿ ಹಿಡಿದರೆ 12 ಲಕ್ಷ ದಾಟುತ್ತೆ. ಸ್ವಂತ ಉಳಿತಾಯವಾದರೆ ಆ ದುಡ್ಡು ಖಾತೆಯಲ್ಲಿ ಸತತ 28 ದಿನ ಕೂತಿರಬೇಕು.

ಇದರ ಮೇಲೆ 2025ರಲ್ಲಿ 524 ಪೌಂಡ್ ವೀಸಾ ಶುಲ್ಕ ಇತ್ತು. ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಎಂಎಗೆ ವೀಸಾ ಒಂದು ವರ್ಷ ಮೀರಿ ಸಿಗುವುದರಿಂದ ಒಂದೂವರೆ ವರ್ಷದ ಲೆಕ್ಕದಲ್ಲಿ 1,164 ಪೌಂಡ್ ಕಟ್ಟಬೇಕು. ತರಗತಿಯ ಬಾಗಿಲು ನೋಡುವ ಮೊದಲೇ ಈ ಎರಡಕ್ಕೇ 2 ಲಕ್ಷ ರೂಪಾಯಿ ಹೋಯಿತು.

'ಲಂಡನ್ ಬೇಡ, ಸಣ್ಣ ಊರು ಅಗ್ಗ' ಅನ್ನುವ ಸಲಹೆ ಹುಟ್ಟೋದು ಇಲ್ಲಿಂದ. ಕಾಗದದ ಮೇಲೆ ಅದು ಸರಿ. ಸಣ್ಣ ಊರಲ್ಲಿ ಖರ್ಚು ಕಡಿಮೆಯಾದ ಹಾಗೆ ದುಡಿಮೆಯೂ ಕಡಿಮೆ ಅನ್ನೋದನ್ನ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ.

ಬಿ ಖಾತಾ ಮನೆಯ ಮಕ್ಕಳು

ನಮ್ಮಂಥವರಿಗೆ ಈ ದುಡ್ಡು ಸಾಲದಿಂದಲೇ ಬರಬೇಕು. ಸರ್ಕಾರಿ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಡ, ಕೇಂದ್ರದ ಖಾತರಿ ನಿಧಿ ಇದೆ. ಅದರ ಮೇಲಕ್ಕೆ ಹೋದರೆ ಮನೆಯೋ ಸೈಟೋ ಬರೆದುಕೊಡಬೇಕು. ಪಶ್ಚಿಮ ಬೆಂಗಳೂರಿನ ಕತೆ ನಿಮಗೆ ಗೊತ್ತೇ ಇದೆ: ರೆವಿನ್ಯೂ ಜಾಗದಲ್ಲಿ ಕಟ್ಟಿದ ಮನೆಗಳು, ಬಿ ಖಾತಾ. ತೆರಿಗೆ ಕಟ್ಟಲು ಆ ಖಾತಾ ನಡೆಯುತ್ತೆ, ಸಾಲಕ್ಕೆ ಹಲವು ಬ್ಯಾಂಕುಗಳು ಒಪ್ಪಲ್ಲ.

ಅಪ್ಪ ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಮನೆ ಇದೆ, ಬ್ಯಾಂಕಿನ ಕಣ್ಣಿಗೆ ಅದು ಮನೆಯಲ್ಲ. ಕೊನೆಗೆ ಅಡಮಾನ ಕೇಳದ ಒಂದು ಖಾಸಗಿ ಫೈನಾನ್ಸ್ ಕಂಪನಿಯಿಂದ 30 ಲಕ್ಷ, ಬಡ್ಡಿ ಶೇ. 12.5. ಪೂರ್ತಿ ಹಣ ಬಿಡುಗಡೆಯಾದ ಮೇಲೆ ತಿಂಗಳ ಬಡ್ಡಿಯೇ 31 ಸಾವಿರ ದಾಟುತ್ತೆ. 10 ವರ್ಷಕ್ಕೆ ತೀರಿಸೋದಾದ್ರೆ ಕಂತು ಸುಮಾರು 44 ಸಾವಿರ. ಎ ಖಾತಾ ಇರುವವರ ಮಗಳಿಗೂ ಬಿ ಖಾತಾ ಇರುವವರ ಮಗಳಿಗೂ ಅದೇ ಸೀಟು, ಅದೇ ಅಂಕ. ಬಡ್ಡಿ ಮಾತ್ರ ಬೇರೆ.

ವಿಳಾಸ ಅನ್ನುವ ಗಂಟು

ಬಂದ ಮೇಲೆ ಮೊದಲ ವಾರ ಸುತ್ತಿಸಿದ್ದು ಇದು. ಬ್ಯಾಂಕ್ ಖಾತೆಗೆ ವಿಳಾಸದ ದಾಖಲೆ ಬೇಕು. ವಿಳಾಸಕ್ಕೆ ಮನೆ ಬೇಕು. ಮನೆ ಕೊಡುವವರು ಬ್ರಿಟನ್ನಿನಲ್ಲೇ ಇರುವ ಜಾಮೀನುದಾರರನ್ನು ಕೇಳುತ್ತಾರೆ. ಅಂಥವರು ಇಲ್ಲ ಅಂದ್ರೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಡಿ ಅಂತಾರೆ. ನನ್ನನ್ನೂ ಒಬ್ಬ ಏಜೆಂಟ್ ಹಾಗೇ ಕೇಳಿದ. ಸಾಲದ ದುಡ್ಡಿನಲ್ಲಿ ಅರ್ಧ ವರ್ಷದ ಬಾಡಿಗೆ ಒಂದೇ ದಿನ ಖಾಲಿ.

ಇದನ್ನು ಕೇಳಿ ನಮ್ಮ ಏರಿಯಾದವರಿಗೆ ಆಶ್ಚರ್ಯ ಆಗಲ್ಲ. ಕಲಬುರಗಿ, ರಾಯಚೂರು, ವಿಜಯಪುರದಿಂದ ಕೆಎಎಸ್, ಪಿಎಸ್‌ಐ ಪರೀಕ್ಷೆಯ ಕೋಚಿಂಗ್‌ಗೆ ಅಂತ ವಿಜಯನಗರ, ಚಂದ್ರಾ ಲೇಔಟ್, ಅತ್ತಿಗುಪ್ಪೆಗೆ ಬರುವ ಹುಡುಗ ಹುಡುಗಿಯರು ಇದನ್ನೇ ಅನುಭವಿಸುತ್ತಾರೆ. ಅಡ್ವಾನ್ಸ್ ಎಷ್ಟು, ಯಾರ ಕಡೆಯವರು, ಯಾವ ಜನ ಅನ್ನುವ ಪ್ರಶ್ನೆಗಳು. ಪರಿಚಯ ಇಲ್ಲದವರಿಗೆ ಬಾಡಿಗೆ ಯಾವಾಗಲೂ ದುಬಾರಿ, ಊರು ಯಾವುದಾದರೂ ಸರಿ.

ಒಂದು ವ್ಯತ್ಯಾಸ ಇದೆ, ಅದನ್ನು ಹೇಳಲೇಬೇಕು. ವೇಲ್ಸ್‌ನಲ್ಲಿ ಬಾಡಿಗೆಗೆ ಕೊಡುವ ಖಾಸಗಿ ಮಾಲೀಕರು 'ರೆಂಟ್ ಸ್ಮಾರ್ಟ್ ವೇಲ್ಸ್' ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. 2019ರ ಸೆಪ್ಟೆಂಬರ್‌ನಿಂದ ಏಜೆಂಟರು 'ಫೈಲ್ ಚಾರ್ಜ್' ಥರದ ಶುಲ್ಕ ವಸೂಲಿ ಮಾಡುವಂತಿಲ್ಲ. ಮನೆ ಕಾದಿರಿಸಲು ಕೊಡುವ ಹಣ ಒಂದು ವಾರದ ಬಾಡಿಗೆ ಮೀರುವಂತಿಲ್ಲ. ಡೆಪಾಸಿಟ್ಟನ್ನು 30 ದಿನದೊಳಗೆ ಮಾನ್ಯತೆ ಪಡೆದ ರಕ್ಷಣಾ ಯೋಜನೆಯಲ್ಲಿ ಇಡಬೇಕು. 2022ರ ಡಿಸೆಂಬರ್‌ನಿಂದ ಬಾಡಿಗೆ ಕರಾರಿನ ಲಿಖಿತ ಪ್ರತಿಯನ್ನು 14 ದಿನದಲ್ಲಿ ಕೊಡುವುದೂ ಕಡ್ಡಾಯ. 10 ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಕಳೆದುಕೊಂಡ ಬೆಂಗಳೂರಿಗರಿಗೆ ಇದರ ಬೆಲೆ ಗೊತ್ತಾಗುತ್ತೆ. ಕಾನೂನಿದ್ದರೂ ಜಾಮೀನು ಕೇಳುವ ಅಭ್ಯಾಸ ನಿಂತಿಲ್ಲ, ನಿಜ. ಆದ್ರೆ ಜಗಳವಾಡಲು ಕೈಯಲ್ಲಿ ಒಂದು ಕಾಗದ ಇದೆ. ಪೂರ್ಣಾವಧಿ ವಿದ್ಯಾರ್ಥಿಗಳಷ್ಟೇ ಇರುವ ಮನೆಗೆ ಸ್ಥಳೀಯ ತೆರಿಗೆಯೂ ಇಲ್ಲ. ವೇಲ್ಸ್‌ನಲ್ಲಿ 2007ರಿಂದ ಡಾಕ್ಟರ್ ಚೀಟಿಯ ಔಷಧಿ ಉಚಿತ.

ಸೀಸನ್ ಮುಗಿದ ಊರಲ್ಲಿ ಕೆಲಸ

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ಸಲ್ಟೆನ್ಸಿಯ ಮೇಜಿನ ಮೇಲೆ ಹಾಕುವ ಲೆಕ್ಕ ಹೀಗಿರುತ್ತೆ: ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. 21 ವರ್ಷ ಮೇಲ್ಪಟ್ಟವರಿಗೆ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್, ಇದು 2025ರ ಏಪ್ರಿಲ್‌ನ ದರ. ನಾಲ್ಕು ವಾರಕ್ಕೆ 976 ಪೌಂಡ್, ಅಂದ್ರೆ ತಿಂಗಳಿಗೆ ಲಕ್ಷ ರೂಪಾಯಿ ಮೇಲೆ. 'ಖರ್ಚು ಅಲ್ಲೇ ದುಡ್ಕೋಬಹುದು ಸಾರ್' ಅನ್ನುವ ಮಾತು ಕೇಳಿದ ಯಾವ ಅಪ್ಪ ಅಮ್ಮನಾದರೂ ತಲೆಯಾಡಿಸುತ್ತಾರೆ.

ಅದೇ ಲೆಕ್ಕವನ್ನು ಬಿಡಿಸಿ ನೋಡಿ. ಒಂದು ವಾರವೂ ತಪ್ಪದೆ, ಕಾಯಿಲೆ ಬೀಳದೆ ವರ್ಷಪೂರ್ತಿ 20 ಗಂಟೆ ದುಡಿದರೂ ತಿಂಗಳ ಸರಾಸರಿ 1,058 ಪೌಂಡ್. ತಿಂಗಳಿಗೆ ಬೇಕು ಅಂತ ಬ್ರಿಟಿಷ್ ಸರ್ಕಾರವೇ ಹೇಳಿದ್ದು 1,136. ಗರಿಷ್ಠ ದುಡಿಮೆಯೂ ಅವರದೇ ಕನಿಷ್ಠ ಖರ್ಚನ್ನು ಮುಟ್ಟಲ್ಲ. ಸಾಲದ ಕಂತಂತೂ ಈ ಲೆಕ್ಕದಲ್ಲೇ ಇಲ್ಲ.

ಸಮುದ್ರದ ದಂಡೆಯ ಊರಲ್ಲಿ ಇನ್ನೊಂದು ತೊಡಕಿದೆ. ಅಬೆರಿಸ್ಟ್‌ವಿತ್‌ನಂಥ ಊರುಗಳಿಗೆ ಜೀವ ಬರೋದು ಬೇಸಿಗೆಯಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಹೋಟೆಲು, ಕೆಫೆ, ಐಸ್‌ಕ್ರೀಂ ಅಂಗಡಿಗಳಿಗೆ ಕೈಗಳು ಬೇಕು. ನಾವು ಬರೋದು ಸೆಪ್ಟೆಂಬರ್ ಕೊನೆಯಲ್ಲಿ. ಗೋಕರ್ಣದಲ್ಲಿ ಮಳೆಗಾಲ ಶುರುವಾದ ಮೇಲೆ ಹೋಗಿ ಬೀಚ್ ಅಂಗಡಿಯಲ್ಲಿ ಕೆಲಸ ಕೇಳಿದ ಹಾಗೆ. ಮೊದಲ ಮೂರು ವಾರದಲ್ಲಿ ನಾನು 23 ಕಡೆ ಬಯೊಡೇಟಾ ಕೊಟ್ಟೆ. ಹೆಚ್ಚಿನವರು ಸೌಜನ್ಯದಿಂದಲೇ ಒಂದು ಮಾತು ಹೇಳಿದರು: 'ಈಸ್ಟರ್ ಹೊತ್ತಿಗೆ ಬಾ.' ಐದನೇ ವಾರ ಸಿಕ್ಕಿದ್ದು ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ, ವಾರಕ್ಕೆ 8 ಗಂಟೆ.

ಬೇಸಿಗೆ ಬಂದಾಗಲಾದರೂ ಪೂರ್ತಿ ಹೊತ್ತು ದುಡಿಯಬಹುದಾ? ಪದವಿ ವಿದ್ಯಾರ್ಥಿಗಳಿಗೆ ಬೇಸಿಗೆ ರಜೆ ಇದೆ, ಆಗ 20 ಗಂಟೆಯ ಮಿತಿ ಇಲ್ಲ. ಎಂಎ, ಎಂಎಸ್ಸಿಯವರಿಗೆ ಆ ತಿಂಗಳುಗಳು ಪ್ರಬಂಧ ಬರೆಯುವ ಅವಧಿ, ಅಂದ್ರೆ ನಿಯಮದ ಪ್ರಕಾರ ಅದೂ ಟರ್ಮ್. ಮಿತಿ ಹಾಗೇ ಉಳಿಯುತ್ತೆ. ನಮ್ಮಲ್ಲಿಂದ ಬರುವವರಲ್ಲಿ ಬಹಳಷ್ಟು ಜನ ಒಂದು ವರ್ಷದ ಮಾಸ್ಟರ್ಸ್‌ಗೇ ಬರೋದು. ಕೆಲಸ ಇಲ್ಲದಾಗ ನಾವಿರುತ್ತೇವೆ, ಕೆಲಸ ಇರುವಾಗ ನಮಗೆ ಅನುಮತಿ ಇರಲ್ಲ.

ಊಟ ತಲುಪಿಸುವ ಆ್ಯಪ್‌ಗಳ ದಾರಿಯೂ ಮುಚ್ಚಿದೆ. ವಿದ್ಯಾರ್ಥಿ ವೀಸಾದಲ್ಲಿ ಸ್ವಯಂ ಉದ್ಯೋಗ ಮಾಡುವಂತಿಲ್ಲ, ಆ ಡೆಲಿವರಿ ಕೆಲಸ ಸಾಮಾನ್ಯವಾಗಿ ಸ್ವಯಂ ಉದ್ಯೋಗವಾಗೇ ನಡೆಯೋದು. ಬೇರೆಯವರ ಖಾತೆಯಲ್ಲಿ ಓಡಿಸಿದರೆ ವೀಸಾಕ್ಕೇ ಕುತ್ತು.

ಊರಿನ ಭಾಷೆ

ಇಲ್ಲಿ ರಸ್ತೆಯ ಮೇಲೆ ದೊಡ್ಡಕ್ಷರದಲ್ಲಿ 'ಅರಾವ್' ಅಂತ ಬರೆದಿರುತ್ತೆ. ವೆಲ್ಷ್ ಭಾಷೆಯಲ್ಲಿ 'ನಿಧಾನ' ಅಂತ. ಬೋರ್ಡುಗಳಲ್ಲಿ ವೆಲ್ಷ್, ಅದರ ಜೊತೆ ಇಂಗ್ಲಿಷ್. ಇದು ತಾನಾಗಿ ಬಂದದ್ದಲ್ಲ. 1963ರ ಫೆಬ್ರವರಿ 2ರಂದು ಇದೇ ಊರಿನ ಟ್ರೆವೆಖನ್ ಸೇತುವೆಯ ಮೇಲೆ ಯುವಜನರು ಕೂತು ರಸ್ತೆ ತಡೆದಿದ್ದರು. ವೆಲ್ಷ್ ಭಾಷಾ ಚಳವಳಿಯ ಮೊದಲ ದೊಡ್ಡ ಬೀದಿ ಹೋರಾಟ ಅದು. 2011ರ ಕಾನೂನು ವೆಲ್ಷ್‌ಗೆ ವೇಲ್ಸ್‌ನಲ್ಲಿ ಅಧಿಕೃತ ಸ್ಥಾನ ಕೊಟ್ಟಿತು. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಶೇ. 17.8 ಮಾತ್ರ. 2050ಕ್ಕೆ 10 ಲಕ್ಷ ಮುಟ್ಟಬೇಕು ಅನ್ನೋದು ಸರ್ಕಾರದ ಗುರಿ.

ಕೆಲಸ ಹುಡುಕುವಾಗ ಇದು ನೇರವಾಗಿ ತಟ್ಟುತ್ತೆ. ಕೌಂಟರಿನಲ್ಲಿ ನಿಲ್ಲುವ ಎಷ್ಟೋ ಕೆಲಸಗಳ ಜಾಹೀರಾತಿನಲ್ಲಿ 'ವೆಲ್ಷ್ ಬಂದರೆ ಒಳ್ಳೆಯದು' ಅಂತ ಇರುತ್ತೆ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಾದ ರಾಜ್ಯದಿಂದ ಬಂದ ನನಗೆ ಇದು ಅನ್ಯಾಯ ಅನ್ನಿಸಲಿಲ್ಲ. ಆದ್ರೆ ಹೊರಗಿನಿಂದ ಬಂದವರ ಕಡೆ ನಿಂತು ನೋಡುವ ಅವಕಾಶ ಸಿಕ್ಕಿತು. ಇಲ್ಲಿ 16ರಿಂದ 25 ವಯಸ್ಸಿನವರಿಗೆ ಸರ್ಕಾರದ ಹಣದಲ್ಲಿ ವೆಲ್ಷ್ ತರಗತಿ ಉಚಿತ. ಭಾಷೆ ಕಲಿ ಅನ್ನುವ ಸರ್ಕಾರ ಕಲಿಸುವ ಜವಾಬ್ದಾರಿಯನ್ನೂ ಹೊತ್ತಿದೆ. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗೆ ಪಾನಿಪುರಿ ಮಾರುವವನಿಗೆ ನಾವು ಹೇಳೋದು ಮೊದಲ ಅರ್ಧ ಮಾತ್ರ.

ಅವರಿಗೆ ನಾವು ಯಾಕೆ ಬೇಕು?

ಬ್ರಿಟನ್ನಿನ ವಿಶ್ವವಿದ್ಯಾಲಯಗಳು ನಮ್ಮನ್ನು ಕರೆಯೋದರ ಹಿಂದೆ ಅವರದೇ ಲೆಕ್ಕ ಇದೆ. ವೇಲ್ಸ್‌ನಲ್ಲಿ ಸ್ಥಳೀಯ ಪದವಿ ವಿದ್ಯಾರ್ಥಿಗಳ ಶುಲ್ಕಕ್ಕೆ ಸರ್ಕಾರದ ಮಿತಿ ಇದೆ. ವರ್ಷಗಟ್ಟಲೆ 9,000 ಪೌಂಡ್ ಇದ್ದದ್ದು 2025ಕ್ಕೆ 9,535 ಆಗಿದೆ ಅಷ್ಟೆ, ಬೆಲೆಗಳು ಎಲ್ಲಿಗೋ ಹೋಗಿವೆ. ವಿದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಅಂಥ ಮಿತಿ ಇಲ್ಲ. ಕೊರತೆ ತುಂಬೋದು ನಾವು. 2025ರ ಜನವರಿಯಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯ 400 ಹುದ್ದೆ ಕಡಿತದ ಪ್ರಸ್ತಾಪ ಇಟ್ಟದ್ದು ಈ ಬಿಕ್ಕಟ್ಟಿನಲ್ಲೇ. ನಮ್ಮನ್ನು ಹುಡುಕಿಕೊಟ್ಟ ಏಜೆಂಟರಿಗೆ ವಿಶ್ವವಿದ್ಯಾಲಯಗಳು ಕಮಿಷನ್ ಕೊಡುತ್ತವೆ. ಕನ್ಸಲ್ಟೆನ್ಸಿ 'ಫ್ರೀ ಸರ್ವೀಸ್' ಅನ್ನೋದು ಇದೇ ಕಾರಣಕ್ಕೆ.

ಶುಲ್ಕ ಬೇಕು, ಜನ ಬೇಡ ಅನ್ನುವ ರಾಜಕೀಯ ಇನ್ನೊಂದು ಕಡೆ. 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. ಓದಿನ ನಂತರ ಕೆಲಸ ಹುಡುಕಲು ಸಿಗುತ್ತಿದ್ದ 2 ವರ್ಷದ ವೀಸಾ 2027ರ ಜನವರಿಯಿಂದ 18 ತಿಂಗಳಿಗೆ ಇಳಿಯಲಿದೆ. ಸಾಲದ ಅವಧಿ 10 ವರ್ಷ, ದುಡಿದು ತೀರಿಸಲು ಸಿಗುವ ಅವಕಾಶ ಒಂದೂವರೆ ವರ್ಷ.

ಹೊರಡುವವರು ಕೇಳಬೇಕಾದ್ದು

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಇಲ್ಲಿನ ಗ್ರಂಥಾಲಯ, ಪ್ರಶ್ನೆ ಕೇಳಿದರೆ ಖುಷಿಪಡುವ ಮೇಷ್ಟ್ರುಗಳು, ಗಾಜಾದಿಂದ ಮಣಿಪುರದವರೆಗೆ ಹೆದರದೆ ಮಾತಾಡಬಹುದಾದ ತರಗತಿ, ಇವು ಸಣ್ಣ ಸಂಗತಿಗಳಲ್ಲ. ಅದಕ್ಕೇ ಇವು ದುಡ್ಡಿದ್ದವರ ಮಕ್ಕಳಿಗಷ್ಟೇ ಮೀಸಲಾಗಬಾರದು. ಕನ್ಸಲ್ಟೆನ್ಸಿಯಲ್ಲಿ ಕೂತಾಗ ಇಷ್ಟನ್ನು ಕೇಳಿ:

- ಆ ಊರಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಯಾವ ಕೆಲಸಗಳು ಸಿಗುತ್ತವೆ?
- ಒಂದು ಪೌಂಡೂ ದುಡಿಯದೆ ಮೊದಲ ನಾಲ್ಕು ತಿಂಗಳು ನಡೆಸಲು ಎಷ್ಟು ಬೇಕು?
- ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆ ಖಚಿತವಾ, ಜಾಮೀನುದಾರರು ಬೇಕಾ?
- ನನ್ನನ್ನು ಸೇರಿಸಿದರೆ ನಿಮಗೆ ಎಷ್ಟು ಕಮಿಷನ್ ಬರುತ್ತೆ?

ಸರ್ಕಾರಗಳನ್ನೂ ಕೇಳಬೇಕು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ವರ್ಷಕ್ಕೆ 125 ಮಂದಿಗೆ. 2025ರ ಜುಲೈನಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲಿಗೆ ಪತ್ರ ಸಿಕ್ಕಿದ್ದು 40 ಜನಕ್ಕೆ, ಉಳಿದವರಿಗೆ 'ಹಣ ಇದ್ದರೆ' ಎಂಬ ಉತ್ತರ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ 'ಪ್ರಬುದ್ಧ' ಯೋಜನೆ ಇದೆ. ಅದರ ಹಣ ಸೆಪ್ಟೆಂಬರ್‌ಗೆ ಮೊದಲೇ ಕೈಸೇರಬೇಕು, ಯಾಕಂದ್ರೆ ಬಾಡಿಗೆ ಕೇಳುವವರು ಕಾಯಲ್ಲ. ಪಂಜಾಬ್ ವಿದೇಶ ಸಲಹಾ ಕಚೇರಿಗಳಿಗೆ ಕಾನೂನಿನ ಮೂಲಕ ಪರವಾನಗಿ ಕಡ್ಡಾಯ ಮಾಡಿ ದಶಕ ದಾಟಿದೆ. ನಮ್ಮ ವಿಧಾನಸಭೆಯಲ್ಲೂ ಈ ಚರ್ಚೆ ನಡೆಯಬೇಕು.

ಇದನ್ನು ಬರೆಯುವ ಹೊತ್ತಿಗೆ ವಿಜಯನಗರದ ಯಾವುದೋ ಕನ್ಸಲ್ಟೆನ್ಸಿಯಲ್ಲಿ ಮುಂದಿನ ವರ್ಷ ಹೊರಡುವವರಿಗೆ ಅರ್ಜಿ ತುಂಬಿಸುತ್ತಿರುತ್ತಾರೆ. ಅಲ್ಲಿ ಕೂತಿರುವವರು ನಿಮ್ಮ ತಂಗಿಯೋ ಗೆಳೆಯನೋ ಆಗಿದ್ದರೆ, ಸಹಿ ಹಾಕುವ ಮೊದಲು 20 ಗಂಟೆಯ ಆ ಲೆಕ್ಕವನ್ನು ಅವರ ಜೊತೆ ಕೂತು ಇನ್ನೊಂದು ಸಲ ಹಾಕಿ.