ಇಂಗ್ಲಿಷ್ ವಾಕ್ಯದೊಳಗಿನ ಕ್ರಿಯಾಪದ

ಹುಕ್ಕೇರಿಯ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಇಂಗ್ಲಿಷ್ ವಾಕ್ಯದ ಕ್ರಿಯಾಪದವನ್ನು, ಅಂದರೆ ಕೆಲಸವನ್ನೋ ಸ್ಥಿತಿಯನ್ನೋ ಹೇಳುವ ಪದವನ್ನು, ಗುರುತಿಸುವುದು ಕಷ್ಟವೆನಿಸಲು ಎರಡು ಭಾಷೆಗಳ ರಚನೆಯ ಅಂತರವೇ ಮುಖ್ಯ ಕಾರಣ. ಕನ್ನಡದ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ನಿಂತು, ‘ಬಂದಳು’ ಎಂಬ ಒಂದೇ ರೂಪದಲ್ಲಿ ಕಾಲ, ಲಿಂಗ, ವಚನ, ಪುರುಷಗಳನ್ನೆಲ್ಲ ತಿಳಿಸುವುದರಿಂದ ಕರ್ತೃಪದವನ್ನು, ಅಂದರೆ ಕೆಲಸ ಮಾಡಿದವರನ್ನು ಸೂಚಿಸುವ ಪದವನ್ನು, ಬಿಟ್ಟರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನ ‘ಕೇಮ್’ ಕಾಲವನ್ನಷ್ಟೇ ಹೇಳುವುದರಿಂದ ಅದರ ಮೊದಲು ‘ಶೀ’ಯಂತಹ ಕರ್ತೃಪದ ಇರಲೇಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಕ್ರಿಯಾಪದವೇ ಇಲ್ಲದ ವಾಕ್ಯ. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭಾ ನದಿಗೆ ಕಟ್ಟಿರುವ ಅಣೆಕಟ್ಟನ್ನು ಕುರಿತು ‘ಹಿಡಕಲ್ ದೊಡ್ಡ ಅಣೆಕಟ್ಟು’ ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ಣವಾಗುತ್ತದೆ, ಆದರೆ ಇಂಗ್ಲಿಷಿನಲ್ಲಿ ಕರ್ತೃವನ್ನೂ ಅದರ ವರ್ಣನೆಯನ್ನೂ ಬೆಸೆಯುವ ‘ಈಸ್’ ಎಂಬ ಸಂಯೋಜಕ ಕ್ರಿಯಾಪದವಿಲ್ಲದೆ ಅದು ನಿಲ್ಲದು. ಅದೇ ‘ಈಸ್’ ‘ದ ರಿವರ್ ಈಸ್ ಫ್ಲೋಯಿಂಗ್’ ಎಂಬಲ್ಲಿ ಸಹಾಯಕ ಕ್ರಿಯಾಪದವಾಗಿ, ‘ಹರಿಯುವುದು’ ಎಂಬ ಮುಖ್ಯ ಕ್ರಿಯೆ ಈಗ ನಡೆಯುತ್ತಿದೆಯೆಂದು ತಿಳಿಸುತ್ತದೆ.

ಹೀಗಾಗಿ ಪದಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ವಾಕ್ಯದ ಕಾಲವನ್ನು ಬದಲಿಸಿ ನೋಡುವ ಪರೀಕ್ಷೆಯೇ ಹೆಚ್ಚು ಫಲಕಾರಿ: ವಾಕ್ಯಕ್ಕೆ ‘ನಿನ್ನೆ’ ಎಂಬ ಅರ್ಥ ಸೇರಿದೊಡನೆ ‘ಈಸ್’ ‘ವಾಸ್’ ಆಗುತ್ತದೆ, ‘ಫ್ಲೋಯಿಂಗ್’ ಹಾಗೆಯೇ ಉಳಿಯುತ್ತದೆ, ಕಾಲದ ಭಾರವನ್ನು ಹೊತ್ತ ಪದ ಯಾವುದೆಂಬುದು ಅಲ್ಲಿಯೇ ಸ್ಪಷ್ಟವಾಗುತ್ತದೆ.