ಬಾಗಿದ ಹಲಗೆ ಬಾಗಿಯೇ ಉಳಿಯುವ ಬಗೆ

ತೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ ಸುತ್ತಿನ ಊರುಗಳಲ್ಲಿಯೂ ಮನೆಯೊಳಗೆ ಕನ್ನಡವನ್ನಾಡುವ ಕಪ್ಪಿಲಿಯರು, ಅನುಪ್ಪರು, ದೇವಾಂಗರು ತಲೆಮಾರುಗಳಿಂದ ನೆಲೆಸಿದ್ದಾರೆ. ಅಲ್ಲಿನ ಮಕ್ಕಳಿಗೆ ಗಿಟಾರ್ ಅಪರಿಚಿತ ವಾದ್ಯವೇನಲ್ಲ. ಕಣಿವೆಯ ಪಣ್ಣೈಪುರದಲ್ಲಿ 1943ರಲ್ಲಿ ಹುಟ್ಟಿದ ಇಳಯರಾಜ ಅವರು ಮೊದಲು ಗಿಟಾರ್ ವಾದಕರಾಗಿ ಹೆಸರು ಮಾಡಿದವರು. ಕನ್ನಡ ಚಿತ್ರರಂಗದ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು. 1981ರ ‘ಗೀತಾ’ ಚಿತ್ರಕ್ಕೆ ಸಂಗೀತ ನೀಡಿದವರು. ಸ್ಥಿತಿಸ್ಥಾಪಕತ್ವದ ಪಾಠಕ್ಕೆ ರಬ್ಬರು ಮತ್ತು ಸ್ಪ್ರಿಂಗುಗಳನ್ನೇ ಉದಾಹರಿಸುವುದು ರೂಢಿ. ಎಳೆದರೆ ಮರಳುವ ರಬ್ಬರಿಗಿಂತ, ಅರ್ಧ ಮರಳಿ ಅರ್ಧ ಉಳಿಯುವ ಮರವು ಹೆಚ್ಚು ಕಲಿಸುತ್ತದೆ. ಗಿಟಾರಿನ ಪಕ್ಕದ ಹಲಗೆ ಅಂತಹ ಉದಾಹರಣೆ.

ಗಿಟಾರಿನ ಪೆಟ್ಟಿಗೆಗೆ ಮೇಲ್ಹಲಗೆ, ಬೆನ್ನಹಲಗೆ ಮತ್ತು ಎರಡು ಪಕ್ಕದ ಹಲಗೆಗಳಿರುತ್ತವೆ. ಪಕ್ಕದ ಹಲಗೆ ಸುಮಾರು 80 ಸೆಂ.ಮೀ. ಉದ್ದ, 10ರಿಂದ 12 ಸೆಂ.ಮೀ. ಅಗಲ; ದಪ್ಪ ಮಾತ್ರ 2 ಮಿ.ಮೀ. ಆಸುಪಾಸು. ಇದಕ್ಕೆ ಲೋಕದಾದ್ಯಂತ ಮೆಚ್ಚುಗೆ ಪಡೆದ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯೂ ಒಂದು. ತಮಿಳಿನಲ್ಲಿ ಅದು ‘ಈಟ್ಟಿ’. ಎರಡು ಹೆಸರುಗಳ ನಂಟನ್ನು ಮಕ್ಕಳೇ ಗುರುತಿಸಲಿ. ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಬಾಗಿಸುವಾಗ ಬಿರುಕು ಬಿಟ್ಟ ಹಲಗೆಗೆ ಜೋಡಿಯನ್ನು ಹುಡುಕುವುದು ಸುಲಭವಲ್ಲ: ಎರಡು ಪಕ್ಕಗಳನ್ನೂ ಒಂದೇ ದಿಮ್ಮಿಯಿಂದ ಅಕ್ಕಪಕ್ಕದಲ್ಲಿ ಸೀಳಿರುತ್ತಾರೆ.

ಮರದ ನಾರುಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ತೇವ ಮತ್ತು ಕಾವು ಎರಡೂ ಕೂಡಿದಾಗ ಅದು ಮೆದುವಾಗುತ್ತದೆ, ಆರಿದಾಗ ಮತ್ತೆ ಗಟ್ಟಿಯಾಗುತ್ತದೆ. ಕುಶಲಕರ್ಮಿಯು ಹಲಗೆಯನ್ನು ನೀರಿನಿಂದ ತೇವಗೊಳಿಸಿ, ಕಾದ ಲೋಹದ ಕೊಳವೆಯ ಮೇಲೆ ಒತ್ತುತ್ತ ನಿಧಾನವಾಗಿ ಬಾಗಿಸುತ್ತಾನೆ. ಆಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ವಾದ್ಯದ ಸೊಂಟದ ಬಳಿ ತಿರುವು ಕಡಿದಾದುದರಿಂದ ಹಲಗೆ ಹೆಚ್ಚಾಗಿ ಮುರಿಯುವುದು ಅಲ್ಲಿಯೇ.

ಕೆಲಸ ಇಲ್ಲಿಗೆ ಮುಗಿಯಿತೆಂದು ನೋಡುವವರಿಗೆ ತೋರುತ್ತದೆ. ನಿಜವಾದ ಕಷ್ಟ ಇನ್ನು ಮುಂದೆ. ಕೈಬಿಟ್ಟ ಕೂಡಲೇ ಹಲಗೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಹಿಗ್ಗಿದ ಮತ್ತು ಕುಗ್ಗಿದ ನಾರುಗಳೆಲ್ಲ ಹೊಸ ನೆಲೆಗೆ ಒಗ್ಗಿರುವುದಿಲ್ಲ. ಆದ್ದರಿಂದ ಅದನ್ನು ಬಿಸಿ ಆರುವ ಮೊದಲೇ ಗಿಟಾರಿನ ಆಕಾರಕ್ಕೆ ಕೊರೆದ ಪ್ಲೈವುಡ್ ಅಚ್ಚಿನೊಳಗೆ ಇಳಿಸುತ್ತಾರೆ. ಅಚ್ಚು ಹೊರಗಿನಿಂದ ತಡೆಯುತ್ತದೆ. ತಿರುಪು ತಿರುಗಿಸಿದಂತೆ ಉದ್ದವಾಗುವ ಅಡ್ಡಕಂಬಿಗಳು ಒಳಗಿನಿಂದ, ಮುಖ್ಯವಾಗಿ ಸೊಂಟದಲ್ಲಿ, ಹಲಗೆಯನ್ನು ಅಚ್ಚಿಗೆ ಒತ್ತಿ ಹಿಡಿಯುತ್ತವೆ. ಪೂರ್ತಿ ಒಣಗುವವರೆಗೆ ಹಾಗೆಯೇ ಬಿಡಬೇಕು.

ಅಚ್ಚಿನಲ್ಲಿರುವಾಗಲೇ ಎರಡು ಹಲಗೆಗಳ ತುದಿಗಳನ್ನು ಕುತ್ತಿಗೆಯ ಕಡೆ ಒಂದು, ಬುಡದ ಕಡೆ ಒಂದು ಮರದ ತುಂಡಿಗೆ ಅಂಟಿಸುತ್ತಾರೆ. ಬಳಿಕ ಅಂಚಿನ ಉದ್ದಕ್ಕೂ ಒಳಪಟ್ಟಿ ಕೂರಿಸುತ್ತಾರೆ. ಈ ಪಟ್ಟಿಗೆ ಒತ್ತೊತ್ತಾಗಿ ಗರಗಸದ ಗೀರು ಹಾಕಿರುವುದರಿಂದ ಅದು ಕಾವಿಲ್ಲದೆಯೇ ತಿರುವಿಗೆ ಬಾಗುತ್ತದೆ. ಅಂಟು ಒಣಗಿದ ಮೇಲೆ ಮಾತ್ರ ಬಿಗಿಯಾಗಿ ನಿಲ್ಲುತ್ತದೆ. ಕೊನೆಗೆ ಮೇಲ್ಹಲಗೆ ಮತ್ತು ಬೆನ್ನಹಲಗೆಗಳು ಆಕಾರವನ್ನು ಬಂಧಿಸುತ್ತವೆ. ಅಲ್ಲಿಯವರೆಗೆ ಹಲಗೆಯನ್ನು ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಒಪ್ಪಿಸಬೇಕೇ ಹೊರತು ನಡುವೆ ಬಿಡುವಂತಿಲ್ಲ. ಅವಸರದಲ್ಲಿ ಅಚ್ಚಿನಿಂದ ತೆಗೆದರೆ ಸೊಂಟ ಅಗಲವಾಗಿ, ಮೇಲ್ಹಲಗೆಯ ಅಂಚಿಗೆ ಕೂಡದೆ ಹೋಗುತ್ತದೆ. ಬಲವಂತವಾಗಿ ಕೂಡಿಸಿದರೆ ಆ ಎಳೆತ ವಾದ್ಯದೊಳಗೇ ಉಳಿದು ಮುಂದೆ ಅಂಟು ಬಿಡಿಸುತ್ತದೆ.

ಗಾಳಿಯ ತೇವವೂ ಇಲ್ಲಿ ಪಾತ್ರ ವಹಿಸುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ 50 ಶೇಕಡಾ ಇದ್ದಲ್ಲಿ ಮರವು ತನ್ನ ಒಣತೂಕದ ಸುಮಾರು 9 ಶೇಕಡಾ ನೀರನ್ನು ಹಿಡಿದುಕೊಳ್ಳುತ್ತದೆ. 90 ಶೇಕಡಾ ಇದ್ದಲ್ಲಿ ಸುಮಾರು 20. ಮುಂಗಾರಿನಲ್ಲಿ ಕುಮುಳಿ ತೊಯ್ದು ತೊಪ್ಪೆಯಾಗಿರುವಾಗ, ಘಟ್ಟವಿಳಿದರೆ ಸಿಗುವ ಕಂಬಂ ಮಳೆಯ ನೆರಳಿನಲ್ಲಿ ಒಣಗಿರುತ್ತದೆ. ಮೇಲೆ ಬಾಗಿಸಿ ಬಿಡಿಯಾಗಿಟ್ಟ ಹಲಗೆಯನ್ನು ಕೆಳಗೆ ತಂದರೆ ಅದರ ತಿರುವು ಬದಲಾಗುವುದರಲ್ಲಿ ಆಶ್ಚರ್ಯವಿಲ್ಲ.

ತರಗತಿಯಲ್ಲಿ ಬೀಟೆ ಬೇಕಾಗಿಲ್ಲ, ಬಿದಿರು ಸಾಕು. ಕಮಾನುಗಾಡಿಯ ಬಾಗಿದ ಬಿದಿರನ್ನು ಕಂಡ ಅಜ್ಜಂದಿರು ಊರಿನಲ್ಲಿದ್ದರೆ ಅವರನ್ನು ಕರೆಸಿದರೆ ಇನ್ನೂ ಒಳ್ಳೆಯದು. 30 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪದ ಮೂರು ಸೀಳುಗಳನ್ನು ರಾತ್ರಿ ನೆನೆಸಿಡಬೇಕು. ಮರುದಿನ ಶಿಕ್ಷಕರೇ ಅವನ್ನು ಕುದಿನೀರಿನಲ್ಲಿ ಹತ್ತು ನಿಮಿಷ ಇಟ್ಟು, 10 ಸೆಂ.ಮೀ. ವ್ಯಾಸದ ಡಬ್ಬಿಗಳಿಗೆ ಸುತ್ತಿ ದಾರದಿಂದ ಕಟ್ಟಬೇಕು. ಕುದಿನೀರಿನ ಬಳಿಗೆ ಮಕ್ಕಳನ್ನು ಬಿಡಬಾರದು. ಮೊದಲನೆಯದನ್ನು ಬಿಸಿಯಿರುವಾಗಲೇ ಬಿಚ್ಚಬೇಕು. ಉಳಿದೆರಡನ್ನು ಎರಡು ದಿನ ಒಣಗಿಸಿ ಬಿಚ್ಚಿ, ಅವುಗಳಲ್ಲಿ ಒಂದನ್ನು ಒದ್ದೆಬಟ್ಟೆಯೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಿನ ಇಡಬೇಕು. ಪ್ರತಿಯೊಂದರ ಎರಡು ತುದಿಗಳ ಅಂತರವನ್ನು ಮಕ್ಕಳು ಅಳೆದು ಬರೆಯಲಿ.

ಬಾಗುವುದು, ಬಿಚ್ಚಿಕೊಳ್ಳುವುದು ಇವಕ್ಕೆ ಮಗು ಮನೆಯ ಕನ್ನಡದಲ್ಲಿ ಯಾವ ಮಾತನ್ನು ಬಳಸುವುದೋ ಅದನ್ನೇ ಕರಿಹಲಗೆಯ ಮೇಲೆ ಮೊದಲು ಬರೆಯಬೇಕು. ‘ಸ್ಥಿತಿಸ್ಥಾಪಕತ್ವ’ ಅದರ ಪಕ್ಕದಲ್ಲಿ ಬರಲಿ. ಚೆನ್ನಾಗಿ ಒಣಗಿದ ಸೀಳೂ ತುಸು ಬಿಚ್ಚಿಕೊಂಡಿತೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅನುಭವಿ ಕುಶಲಕರ್ಮಿಯು ಸೊಂಟವನ್ನು ಅಚ್ಚಿಗಿಂತ ಒಂದಿಷ್ಟು ಹೆಚ್ಚಾಗಿಯೇ ಬಾಗಿಸುವುದು ಆ ಕಾರಣಕ್ಕಾಗಿ.